ಹೊಗೆಯಿಲ್ಲದ ಒಲೆ: ಅಳತೆ ಕೊಡಬೇಕಾದವರು ಯಾರು?

ಗ್ಯಾಸ್ ಬಂದ ಮೇಲೆ ಕಟ್ಟಿಗೆ ಒಲೆಯ ಕಾಲ ಮುಗಿಯಿತೆಂದು ಪೇಟೆಯವರು ಭಾವಿಸಿದ್ದಾರೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ಯಾವ ಹಳ್ಳಿಗೆ ಹೋಗಿ ನೋಡಿದರೂ ಆ ಮಾತು ಅರ್ಧಸತ್ಯವೆಂದು ತಿಳಿಯುತ್ತದೆ. ಬೆಳಗಿನ ಚಾ, ಅವಸರದ ದೋಸೆ, ನೆಂಟರು ಬಂದಾಗಿನ ಸಜ್ಜಿಗೆ ಇವೆಲ್ಲ ಗ್ಯಾಸಿನಲ್ಲಿ ಆಗುತ್ತವೆ. ಆದರೆ ಕುಚ್ಚಲಕ್ಕಿ ಬೇಯಲು ಹೆಚ್ಚು ಕಡಿಮೆ ಒಂದು ಗಂಟೆ ಬೇಕು. ದಿನಕ್ಕೆ ಒಂದು ಗಂಟೆ ಗ್ಯಾಸ್ ಉರಿಸಿದರೆ ಸಿಲಿಂಡರು ಎಷ್ಟು ದಿನ ಬಂದೀತು? ಮೇಲಿಂದ ಮನೆಮಂದಿಗೆಲ್ಲ ಸ್ನಾನದ ಬಿಸಿನೀರು, ಹಟ್ಟಿಯ ದನಕ್ಕೆ ಹಿಂಡಿ ಬೇಯಿಸುವುದು ಬೇರೆ. ತೋಟದಲ್ಲಿ ಮಡಲು, ಕೊತ್ತಳಿಗೆ, ಗೆರಟೆ, ತೆಂಗಿನ ಸಿಪ್ಪೆ, ಅಡಿಕೆಯ ಸೋಗೆ ಬಿದ್ದು ಹಾಳಾಗುತ್ತಿರುವಾಗ ಹಣ ಕೊಟ್ಟು ಇಂಧನ ತರುವುದಕ್ಕೆ ಯಾವ ಕೃಷಿಕನ ಮನಸ್ಸೂ ಒಪ್ಪುವುದಿಲ್ಲ.

ಆದುದರಿಂದ ನಮ್ಮ ಮನೆಗಳಲ್ಲಿ ಎರಡು ಒಲೆಗಳು ಇರುವುದು ವಾಡಿಕೆ. ಮುಂದಿನ ಅಡುಗೆಮನೆಯಲ್ಲಿ ಥಳಥಳಿಸುವ ಗ್ಯಾಸ್ ಒಲೆ, ಹಿಂದಿನ ಕೋಣೆಯಲ್ಲಿ ಮಸಿ ಹಿಡಿದ ಕಟ್ಟಿಗೆ ಒಲೆ. ನೆಂಟರಿಗೆ ತೋರಿಸುವುದು ಮೊದಲನೆಯದನ್ನು, ಅನ್ನ ಕೊಡುವುದು ಎರಡನೆಯದು. ಮನೆ ಕಟ್ಟಿಸುವಾಗ ಮೊದಲನೆಯದಕ್ಕೆ ಗ್ರಾನೈಟ್ ಕಲ್ಲು ಹಾಸುತ್ತೇವೆ. ಎರಡನೆಯದಕ್ಕೆ ನಾಲ್ಕು ಮುರಕಲ್ಲು ಇಟ್ಟು ಕೈ ತೊಳೆಯುತ್ತೇವೆ. ಈ ಎರಡನೆಯ ಒಲೆಯನ್ನು ಸರಿಯಾಗಿ ಕಟ್ಟಿಸುವ ವಿಷಯದಲ್ಲಿ ಕೆಲವು ಮಾತುಗಳನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹೊಗೆಯ ಲೆಕ್ಕ

ಬೆಂಕಿಯಿಲ್ಲದೆ ಹೊಗೆಯಾಡದು ಎಂಬುದು ಗಾದೆ. ನಮ್ಮ ಹಿಂದಿನ ಕೋಣೆಗಳಲ್ಲಿ ಮಾತ್ರ ಬೆಂಕಿ ಸ್ವಲ್ಪ, ಹೊಗೆ ಬಹಳ. ಗೋಡೆಯ ಮೇಲಿನ ಮಸಿಯೂ ಪಕ್ಕಾಸಿನಿಂದ ಜೋಲುವ ಇಲ್ಲಣವೂ ಎಲ್ಲರ ಕಣ್ಣಿಗೆ ಬೀಳುತ್ತವೆ. ಅದೇ ಮಸಿ ಮನುಷ್ಯರ ಶ್ವಾಸಕೋಶದೊಳಗೂ ಕೂರುತ್ತದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಮನೆಯೊಳಗಿನ ಹೊಗೆಯಿಂದಾಗಿ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿ 5 ವರ್ಷಕ್ಕಿಂತ ಕೆಳಗಿನ ಮಕ್ಕಳು. ದೊಡ್ಡವರಿಗೆ ವಾಸಿಯಾಗದ ದಮ್ಮು, ಹೃದ್ರೋಗ, ಹೆಂಗಸರಿಗೆ ಕಣ್ಣಿನ ಪೊರೆ, ಮಕ್ಕಳಿಗೆ ನ್ಯುಮೋನಿಯಾ ಇವು ಹೊಗೆ ತಂದೊಡ್ಡುವ ಕೇಡುಗಳು.

ನಮ್ಮ ದೇಶದಲ್ಲಿ 2016ರಲ್ಲಿ ಉಜ್ವಲಾ ಯೋಜನೆ ಆರಂಭವಾಗಿ ಬಡ ಮನೆಗಳಿಗೂ ಗ್ಯಾಸ್ ತಲಪಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಡುಗೆಗೆ ಮುಖ್ಯವಾಗಿ ಶುದ್ಧ ಇಂಧನ ಬಳಸುತ್ತಿದ್ದ ಮನೆಗಳು ನೂರರಲ್ಲಿ ಸುಮಾರು 59 ಮಾತ್ರ. ಆ 59ರೊಳಗೆ ನಮ್ಮಂತೆ ಎರಡು ಒಲೆ ಇಟ್ಟುಕೊಂಡವರೂ ಸೇರಿದ್ದಾರೆ.

ಶಾಲೆಯಲ್ಲಿ ಪಾಠ ಮಾಡುವವರಿಗೆ ಈ ಹೊಗೆಯ ಪರಿಚಯ ನೋಟುಪುಸ್ತಕಗಳ ಮೂಲಕ ಆಗುತ್ತದೆ. ಆಟಿ ತಿಂಗಳಲ್ಲಿ ತಿದ್ದಲು ಬಂದ ಪುಸ್ತಕಗಳ ಕಟ್ಟು ಬಿಚ್ಚಿದರೆ ಕೆಲವು ಪುಸ್ತಕಗಳಿಂದ ಹೊಗೆಯ ವಾಸನೆ ಬರುತ್ತದೆ. ಮಳೆಗೆ ಒದ್ದೆಯಾದ ಚೀಲವನ್ನು ಒಲೆಯ ಬಳಿ ಒಣಗಲು ಇಟ್ಟಿದ್ದಾರೆಂದು ಅರ್ಥ. ಪುಸ್ತಕಕ್ಕೇ ಇಷ್ಟು ಹೊಗೆ ಹಿಡಿಯುವುದಾದರೆ, ಅದೇ ಒಲೆಯ ಮುಂದೆ ದಿನಕ್ಕೆ ಮೂರು ನಾಲ್ಕು ಗಂಟೆ ಕೂರುವ ತಾಯಿಗೆ ಎಷ್ಟು ಹಿಡಿಯಬೇಡ? ಅವಳ ಸೆರಗು ಹಿಡಿದು ಪಕ್ಕದಲ್ಲಿ ಕೂತ ಮಗುವಿಗೆ ಎಷ್ಟು?

ಹೊಗೆ ಎಂದರೇನು?

ವಿಷಯವನ್ನು ಸ್ವಲ್ಪ ಬುಡದಿಂದ ನೋಡೋಣ. ಕಟ್ಟಿಗೆ ನೇರವಾಗಿ ಉರಿಯುವುದಿಲ್ಲ. ಕಾದಾಗ ಅದರಿಂದ ಅನಿಲಗಳು ಹೊರಡುತ್ತವೆ. ಜ್ವಾಲೆಯಾಗಿ ಕಾಣುವುದು ಆ ಅನಿಲಗಳು ಉರಿಯುವುದನ್ನು. ಸಾಕಷ್ಟು ಗಾಳಿಯೂ ಸಾಕಷ್ಟು ಶಾಖವೂ ದೊರೆತರೆ ಅವು ಪೂರ್ತಿ ಉರಿದು ಹೋಗುತ್ತವೆ. ಇವೆರಡರಲ್ಲಿ ಒಂದು ಕಡಿಮೆಯಾದರೂ ಅರ್ಧ ಉರಿದ ಅನಿಲ, ಮಸಿ, ಡಾಂಬರಿನಂಥ ಅಂಟು ಇವು ಕೂಡಿ ಹೊಗೆಯಾಗಿ ಹೊರಬೀಳುತ್ತವೆ. ಅಂದರೆ ಹೊಗೆ ಎಂಬುದು ಉರಿಯದೆ ಪೋಲಾದ ಕಟ್ಟಿಗೆ. ಕಣ್ಣು ಉರಿಸುವ ಹೊಗೆ ನಮ್ಮ ಕಟ್ಟಿಗೆಯ ರಾಶಿಯನ್ನೂ ಕರಗಿಸುತ್ತಿದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಚೆನ್ನಾಗಿ ಒಣಗಿದ 1 ಕಿಲೋ ಕಟ್ಟಿಗೆಯಲ್ಲಿ ಸುಮಾರು 4,000 ಕಿಲೋ ಕ್ಯಾಲೊರಿ ಶಾಖವಿದೆ. 30 ಡಿಗ್ರಿಯ 1 ಲೀಟರ್ ನೀರನ್ನು ಕುದಿಸಲು ಬೇಕಾದುದು 70 ಕಿಲೋ ಕ್ಯಾಲೊರಿ. ಶಾಖವೆಲ್ಲ ನೀರಿಗೇ ಸೇರಿದರೆ 1 ಕಿಲೋ ಕಟ್ಟಿಗೆಯಿಂದ 57 ಲೀಟರ್ ನೀರು ಕುದಿಯಬೇಕು. ಮೂರು ಕಲ್ಲಿನ ತೆರೆದ ಒಲೆಯಲ್ಲಿ ನೂರರಲ್ಲಿ ಸುಮಾರು 10 ಪಾಲು ಶಾಖ ಮಾತ್ರ ಪಾತ್ರೆಗೆ ಸಿಗುತ್ತದೆ. ಎಂದರೆ ಕುದಿಯುವುದು 6 ಲೀಟರಿಗೂ ಕಡಿಮೆ. ಉಳಿದ ಶಾಖ ಗಾಳಿಗೆ, ಗೋಡೆಗೆ, ಅಡುಗೆ ಮಾಡುವವರ ಮುಖಕ್ಕೆ. ಒಲೆಯನ್ನು ಸುಧಾರಿಸಿ 25 ಪಾಲು ಸಿಗುವಂತೆ ಮಾಡಿದರೆ ಅದೇ 1 ಕಿಲೋ ಕಟ್ಟಿಗೆ 14 ಲೀಟರ್ ನೀರು ಕುದಿಸುತ್ತದೆ.

ಹಿಂದಿನವರು ಮಾಡಿದ ಪ್ರಯತ್ನಗಳು

ಹೊಗೆಯಿಲ್ಲದ ಒಲೆಯ ಯೋಚನೆ ನಿನ್ನೆ ಮೊನ್ನೆಯದಲ್ಲ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ವಾರ್ಧಾದ ಮಗನ್‌ವಾಡಿಯಲ್ಲಿ ಗಾಂಧೀಜಿಯವರ ಗ್ರಾಮೋದ್ಯೋಗದ ಕಾರ್ಯಕರ್ತರು ಮಗನ್ ಚೂಲಾ ಎಂಬ ಮಣ್ಣಿನ ಒಲೆಯನ್ನು ರೂಪಿಸಿದರು. ಹೈದರಾಬಾದಿನ ಇಂಜಿನಿಯರ್ ಎಸ್. ಪಿ. ರಾಜು ಅವರು ಕೋಟ್ಯಂತರ ಜನರ ಅಡುಗೆಮನೆ ಹೊಗೆಯಿಂದ ಮುಕ್ತವಾಗಬೇಕೆಂದು 1953ರಲ್ಲಿ ಪುಸ್ತಕವನ್ನೇ ಬರೆದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ವಿಜ್ಞಾನ ಹಳ್ಳಿಗೆ ಉಪಯೋಗವಾಗಬೇಕೆಂಬುದೇ ಅದರ ಗುರಿ. ಕುಣಿಗಲ್ ತಾಲೂಕಿನ ಉಂಗ್ರ ಗ್ರಾಮದಲ್ಲಿ ಅವರು ಕೇಂದ್ರ ತೆರೆದು ಕೆಲಸ ಮಾಡಿದರು. 1980ರ ದಶಕದಲ್ಲಿ ಅವರು ಸಿದ್ಧಗೊಳಿಸಿದ ಮೂರು ಬಾಯಿಯ ಅಸ್ತ್ರ ಒಲೆ ಪ್ರಯೋಗಾಲಯದಲ್ಲಿ ಕಟ್ಟಿಗೆಯ ಶಾಖದ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚನ್ನು ಪಾತ್ರೆಗಳಿಗೆ ತಲಪಿಸಿತು. ಕೇರಳದಲ್ಲಿ 1962ರಲ್ಲಿ ಸ್ಥಾಪನೆಯಾದ ಶಾಸ್ತ್ರ ಸಾಹಿತ್ಯ ಪರಿಷತ್ತು ತನ್ನದೇ ಒಲೆಯೊಂದನ್ನು ಹಳ್ಳಿಹಳ್ಳಿಗೆ ಒಯ್ದಿತು. ಅದನ್ನು ‘ಪರಿಷತ್ ಅಡುಪ್ಪ್’ ಎಂದೇ ಜನ ಕರೆದರು.

ಕೇಂದ್ರ ಸರಕಾರವೂ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 2002ರಲ್ಲಿ ಅದು ನಿಂತಿತು. ಅಷ್ಟರಲ್ಲಿ ದೇಶದಾದ್ಯಂತ ಕೋಟಿಗಟ್ಟಲೆ ಒಲೆಗಳನ್ನು ಕಟ್ಟಲಾಗಿತ್ತು. ಆದರೆ ಕಟ್ಟಿದ ಒಲೆಗಳಲ್ಲಿ ಬಹಳಷ್ಟು ಬಾಳಿಕೆ ಬರಲಿಲ್ಲ. ಕೊಳವೆ ಮಸಿಯಿಂದ ಮುಚ್ಚಿಹೋಯಿತು, ಒಲೆಯ ಬಾಯಿಗೂ ಮನೆಯ ಪಾತ್ರೆಗೂ ಹೊಂದಲಿಲ್ಲ, ಬಿರುಕುಬಿಟ್ಟಾಗ ಮೆತ್ತುವವರಿರಲಿಲ್ಲ.

ಇದರ ಮೇಲೆ ಬೆಳಕು ಚೆಲ್ಲಿದ ಅಧ್ಯಯನವೊಂದಿದೆ. ಒಡಿಶಾದ ಹಳ್ಳಿಗಳ ಸುಮಾರು 2,600 ಮನೆಗಳನ್ನು ನಾಲ್ಕು ವರ್ಷಗಳ ಕಾಲ ಗಮನಿಸಿ ರೇಮಾ ಹನ್ನಾ, ಎಸ್ತರ್ ಡುಫ್ಲೊ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ಅದನ್ನು ಪ್ರಕಟಿಸಿದರು. ಹೊಸ ಒಲೆ ಬಂದ ಮೊದಲ ವರ್ಷ ಅಡುಗೆ ಮಾಡುವವರ ಒಳಗೆ ಹೋಗುವ ಹೊಗೆ ಕಡಿಮೆಯಾಯಿತು. ಮುಂದಿನ ವರ್ಷಗಳಲ್ಲಿ ಆ ಲಾಭ ಉಳಿಯಲಿಲ್ಲ. ಒಲೆಗಳನ್ನು ಕ್ರಮವಾಗಿ ಬಳಸಲಿಲ್ಲ, ದುರಸ್ತಿ ಮಾಡಲಿಲ್ಲ. ಎಸ್ತರ್ ಡುಫ್ಲೊ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದುದನ್ನು ಓದುಗರು ಬಲ್ಲರು. ಪ್ರಯೋಗಾಲಯದಲ್ಲಿ ಗೆದ್ದ ಒಲೆ ಮನೆಯಲ್ಲಿ ಸೋತದ್ದು ಏಕೆ? ಒಲೆ ಕಟ್ಟುವವರು ಒಲೆಯನ್ನು ನೋಡಿದರು, ಅದರ ಮುಂದೆ ಕೂರುವವರನ್ನು ನೋಡಲಿಲ್ಲ ಎಂದೇ ನನಗೆ ತೋರುತ್ತದೆ.

ಅಳತೆ ಯಾರದು?

ಅಂಗಿ ಹೊಲಿಸುವಾಗ ತೊಡುವವನ ಅಳತೆ ತೆಗೆಯುತ್ತೇವೆ. ಒಲೆ ಕಟ್ಟಿಸುವಾಗ ಯಜಮಾನನೂ ಮೇಸ್ತ್ರಿಯೂ ಜಗಲಿಯಲ್ಲಿ ನಿಂತು ಮಾತಾಡಿ ಮುಗಿಸುತ್ತಾರೆ. ಅಡುಗೆ ಮಾಡುವವರು ಚಾ ತಂದು ಕೊಟ್ಟು ಒಳಗೆ ಹೋಗುತ್ತಾರೆ. ಇಲ್ಲಿಯೇ ಒಲೆ ಕೆಡುವುದು.

ನಮ್ಮ ಕಡೆ ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಒಲೆ ಕಟ್ಟುವ ಮೇಸ್ತ್ರಿಗಳಲ್ಲಿ ಅನೇಕರು ಮಲಯಾಳ ಮಾತಾಡುವವರು. ಮನೆಯ ಗಂಡಸರಿಗೆ, ಮಕ್ಕಳಿಗೆ ಮಲಯಾಳ ಬರುತ್ತದೆ. ಕನ್ನಡ ಶಾಲೆಯಲ್ಲಿ ಓದಿ, ಕನ್ನಡವೋ ತುಳುವೋ ಆಡುವ ಮನೆಗೆ ಬಂದು, ಅಲ್ಲಿಯೇ ವಯಸ್ಸಾದ ಹಿರಿಯ ಹೆಂಗಸರಲ್ಲಿ ಹಲವರಿಗೆ ಅಷ್ಟು ಸಲೀಸಾಗಿ ಬರುವುದಿಲ್ಲ. ಹಾಗಾಗಿ ಒಲೆಯ ವಿಷಯ ಎಲ್ಲರಿಗಿಂತ ಹೆಚ್ಚು ಬಲ್ಲವರೇ ಸುಮ್ಮನಿರಬೇಕಾಗುತ್ತದೆ. ಕೆಲವು ಶಬ್ದ ತಿಳಿದಿದ್ದರೆ ಸಾಕು, ಕೆಲಸ ನಡೆಯುತ್ತದೆ. ನಮ್ಮ ಒಲೆ ಮಲಯಾಳದಲ್ಲಿ ಅಡುಪ್ಪ್, ತುಳುವಿನಲ್ಲಿ ದಿಕ್ಕೆಲ್. ಕಟ್ಟಿಗೆ ವಿರಕ್, ಬೂದಿ ಚಾರಂ, ಹೊಗೆಗೊಳವೆ ಪುಗಕ್ಕುಳಲ್. ಹೊಗೆಗೆ ಅವರ ಪುಗ, ತುಳುವಿನ ಪುಗೆ, ಹಳಗನ್ನಡದ ಪೊಗೆ ಮೂರೂ ಒಂದೇ ಮನೆಯ ಮಕ್ಕಳು. ಹೊಗೆಗೆ ಭಾಷಾಭೇದವಿಲ್ಲ, ಅದು ಎಲ್ಲರ ಕಣ್ಣಲ್ಲಿಯೂ ಒಂದೇ ಬಗೆಯ ನೀರು ತರಿಸುತ್ತದೆ.

ನಮ್ಮ ಮನೆಯ ಒಲೆ ಕಟ್ಟಿಸುವಾಗ ತಾಯಿಯವರು ತಮ್ಮ ಪಾತ್ರೆಗಳನ್ನೆಲ್ಲ ತಂದು ಅಂಗಳದಲ್ಲಿ ಸಾಲಾಗಿ ಮಗುಚಿಟ್ಟರು. ಗಂಜಿ ಬೇಯಿಸುವ ದೊಡ್ಡ ಪಾತ್ರೆ, ಸಾರಿನ ಪಾತ್ರೆ, ನೀರು ಕಾಯಿಸುವ ಚೆರಿಗೆ. “ಮೇಸ್ತ್ರಿಗಳೇ, ನನ್ನ ಪಾತ್ರೆಗೆ ಸರಿಯಾಗಿ ಒಲೆ ಮಾಡಿ. ಒಲೆಗೆ ಸರಿಯಾದ ಪಾತ್ರೆ ತರಲಿಕ್ಕೆ ನಾನು ಪೇಟೆಗೆ ಹೋಗುವವಳಲ್ಲ” ಎಂದರು. ಮೇಸ್ತ್ರಿಗೆ ಮಾತು ಅರ್ಧ ಅರ್ಥವಾಯಿತು, ಪಾತ್ರೆಗಳು ಪೂರ್ತಿ ಅರ್ಥವಾದವು. ನೂಲು ಹಿಡಿದು ಒಂದೊಂದರ ಸುತ್ತಳತೆ ತೆಗೆದರು. ಆ ನೂಲಿನ ಅಳತೆ ಇಂದಿಗೂ ತಪ್ಪಿಲ್ಲ.

ಕಟ್ಟುವ ಕ್ರಮ

ಮೊದಲನೆಯದು ಜಾಗ. ಮಳೆಗಾಲದ ಗಾಳಿ ನಮಗೆ ಪಡುವಣದಿಂದ, ನೈಋತ್ಯದಿಂದ ಬರುತ್ತದೆ. ಒಲೆಯ ಬಾಯಿ ಆ ಕಡೆಯ ಬಾಗಿಲಿಗೆ ನೇರ ಎದುರಾಗಿದ್ದರೆ ಗಾಳಿಯ ಹೊಡೆತಕ್ಕೆ ಉರಿ ಅಲೆದಾಡಿ ಹೊಗೆ ಕೋಣೆಗೆ ನುಗ್ಗುತ್ತದೆ. ಕೋಣೆಗೆ ಒಂದು ಕಿಟಕಿಯಾದರೂ ಇರಲೇಬೇಕು. ಒಳಗೆ ಗಾಳಿ ಬಾರದಿದ್ದರೆ ಕೊಳವೆಯ ಮೂಲಕ ಹೊಗೆ ಹೊರಗೆ ಹೋಗುವುದೆಂತು?

ಎರಡನೆಯದು ಎತ್ತರ. ಕೂತು ಅಡುಗೆ ಮಾಡುವವರಿಗೆ ನೆಲದ ಒಲೆ, ನಿಂತು ಮಾಡುವವರಿಗೆ ಕಟ್ಟೆಯ ಒಲೆ. ಕಟ್ಟೆಯ ಮೇಲಾದರೆ ಒಲೆಯ ಮೇಲಿಟ್ಟ ಪಾತ್ರೆಯ ಕಂಠ ಅಡುಗೆ ಮಾಡುವವರ ಮೊಣಕೈಗಿಂತ ಕೆಳಗೆ ಬರಬೇಕು. ಇಲ್ಲವಾದರೆ ಗಂಜಿ ಬಸಿಯುವಾಗ ಭಾರದ ಪಾತ್ರೆಯನ್ನು ಎದೆಮಟ್ಟಕ್ಕೆ ಎತ್ತಬೇಕಾಗುತ್ತದೆ. ಅಪಾಯಕ್ಕೆ ಬೇರೆ ದಾರಿ ಬೇಡ.

ಮೂರನೆಯದು ಒಲೆಯ ಹೊಟ್ಟೆ. ಅದರೊಳಗೆ ಕಬ್ಬಿಣದ ಜಾಲರಿ ಇರಬೇಕು; ಜಾಲರಿಯ ಕೆಳಗೆ ಬೂದಿ ಬೀಳುವ ಗುಂಡಿ, ಆ ಗುಂಡಿಗೆ ಹೊರಗಿನಿಂದ ಗಾಳಿಗಂಡಿ. ಉರಿಗೆ ಗಾಳಿ ಕೆಳಗಿನಿಂದ ಬಂದರೆ ಕೆಂಡ ಚೆನ್ನಾಗಿ ಉರಿಯುತ್ತದೆ, ಊದುಗೊಳವೆಯ ಕೆಲಸ ತಪ್ಪುತ್ತದೆ. ಕಟ್ಟಿಗೆ ತುರುಕುವ ಬಾಯಿ ಎರಡು ಮೂರು ಸೌದೆ ಹಿಡಿಯುವಷ್ಟು ಇದ್ದರೆ ಸಾಕು. ಬಾಯಿ ದೊಡ್ಡದಾದಷ್ಟು ತಣ್ಣನೆಯ ಗಾಳಿ ನುಗ್ಗಿ ಒಲೆಯ ಶಾಖವನ್ನು ಕೊಂಡೊಯ್ಯುತ್ತದೆ. ಪಾತ್ರೆಯ ತಳ ಜ್ವಾಲೆಯ ತುದಿಗೆ ತಾಗುವಂತಿರಬೇಕು. ತೀರ ಕೆಳಗಾದರೆ ಉರಿ ತಣಿದು ಮಸಿ ಹಿಡಿಯುತ್ತದೆ, ತೀರ ಮೇಲಾದರೆ ಶಾಖ ಪೋಲಾಗುತ್ತದೆ.

ನಾಲ್ಕನೆಯದು ಬಾಯಿಗಳ ಸಾಲು. ಮೊದಲ ಬಾಯಿಯಿಂದ ಎರಡನೆಯದಕ್ಕೆ, ಎರಡನೆಯದರಿಂದ ಕೊಳವೆಗೆ ಒಳದಾರಿ ಇರುತ್ತದೆ. ಮೊದಲ ಪಾತ್ರೆಯನ್ನು ಕಾಯಿಸಿದ ಬಿಸಿ ಅನಿಲ ಎರಡನೆಯದರ ತಳವನ್ನು ಸವರಿ ಹೋಗುತ್ತದೆ. ಮೊದಲನೆಯದರಲ್ಲಿ ಗಂಜಿ ಬೇಯುವಾಗ ಎರಡನೆಯದರಲ್ಲಿ ನೀರು ಕಾಯುತ್ತದೆ. ಪಾತ್ರೆ ಬಾಯಿಗೆ ಸಂದಿಲ್ಲದಂತೆ ಕೂರಬೇಕು. ಎರಡನೆಯ ಬಾಯಿಗೆ ಪಾತ್ರೆ ಇಡದಿದ್ದರೆ ಮುಚ್ಚಳವಾದರೂ ಬೇಕು. ಇಲ್ಲವಾದರೆ ಹೊಗೆಗೆ ಕೊಳವೆಯವರೆಗೆ ನಡೆಯುವ ಶ್ರಮವೇಕೆ, ಅಲ್ಲಿಂದಲೇ ಮೇಲೆದ್ದುಬರುತ್ತದೆ.

ಒಲೆಯ ಹೊರಗೋಡೆಗೆ ಮುರಕಲ್ಲೋ ಇಟ್ಟಿಗೆಯೋ ಆಗಬಹುದು. ಬೆಂಕಿ ತಾಗುವ ಒಳಮೈಗೆ ಸಿಮೆಂಟ್ ಬೇಡ, ಕಾದು ಬಿರಿಯುತ್ತದೆ. ಹುತ್ತದ ಮಣ್ಣಿಗೆ ಸೆಗಣಿ, ಕತ್ತರಿಸಿದ ಬೈಹುಲ್ಲು ಅಥವಾ ಉಮಿ ಸೇರಿಸಿ ಚೆನ್ನಾಗಿ ತುಳಿದು ಕೆಲವು ದಿನ ಕೊಳೆಯಲು ಬಿಟ್ಟು ಮೆತ್ತಿದರೆ ಬಾಳಿಕೆ ಬರುತ್ತದೆ. ಕಟ್ಟಿದ ಮರುದಿನವೇ ದೊಡ್ಡ ಬೆಂಕಿ ಹಾಕಬಾರದು. ನೆರಳಿನಲ್ಲಿ ಒಣಗಲು ಬಿಟ್ಟು, ಬಿರುಕುಗಳನ್ನು ಮೆತ್ತಿ, ಮೊದಲ ಕೆಲವು ದಿನ ಸಣ್ಣ ಉರಿ ಮಾಡಿ ಹದಗೊಳಿಸಬೇಕು.

ಕೊಳವೆಯೇ ಒಲೆಯ ಪ್ರಾಣ

ಹೊಸ ಮನೆಗಳಲ್ಲಿ ಒಲೆಯ ಮೇಲೆ ಗೂಡಿನಂತೆ ಚಿಮಿಣಿ ಕಟ್ಟುವುದುಂಟು. ತೆರೆದ ಒಲೆಯ ಹೊಗೆ ಆ ಗೂಡಿಗೆ ಸೇರುವ ಮೊದಲು ಬಗ್ಗಿದವರ ಮುಖವನ್ನು ದಾಟಿಯೇ ಹೋಗುತ್ತದೆ. ಅದರಿಂದ ಗೋಡೆಯ ಮಸಿ ಸ್ವಲ್ಪ ಕಡಿಮೆಯಾದೀತು, ಎದೆಯ ಮಸಿ ಕಡಿಮೆಯಾಗದು. ಒಲೆಯ ಹೊಟ್ಟೆಯಿಂದಲೇ ಹೊರಡುವ ಕೊಳವೆ ಬೇಕು.

ಬಿಸಿಗಾಳಿ ಹಗುರ, ಮೇಲೇರುತ್ತದೆ. ಹಾಗೆ ಏರುವಾಗ ಹಿಂದಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕೊಳವೆ ಉದ್ದವೂ ನೆಟ್ಟಗೂ ಇದ್ದಷ್ಟು ಈ ಸೆಳೆತ ಬಲವಾಗುತ್ತದೆ. ಮನೆಯ ಒಲೆಗೆ ಸಾಮಾನ್ಯವಾಗಿ 4 ಇಂಚಿನ ಕೊಳವೆ ಸಾಕು. ಅದರ ತುದಿ ಮಾಡಿನ ನೆತ್ತಿಗಿಂತ ಕನಿಷ್ಠ 2 ಅಡಿ ಮೇಲಿರಬೇಕು. ಕೆಳಗಿದ್ದರೆ ಮಾಡಿಗೆ ಬಡಿದು ತಿರುಗುವ ಗಾಳಿ ಹೊಗೆಯನ್ನು ಕೊಳವೆಯೊಳಗೇ ಹಿಂದಕ್ಕೆ ತಳ್ಳುತ್ತದೆ. ತುದಿಗೆ ತಗಡಿನ ಟೊಪ್ಪಿ ತಪ್ಪದೆ ಬೇಕು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ಟೊಪ್ಪಿಯಿಲ್ಲದ ಕೊಳವೆ ಎಂದರೆ ಒಲೆಯೊಳಗೆ ತೆರೆದ ದಂಬೆ.

ಹಂಚಿನ ಮಾಡಾದರೆ ಎಚ್ಚರಿಕೆ ಬೇಕು. ಕಾದ ಲೋಹದ ಕೊಳವೆ ಪಕ್ಕಾಸಿಗೋ ರೀಪಿಗೋ ತಾಗಿಕೊಂಡಿದ್ದರೆ ಮರ ವರ್ಷಗಟ್ಟಲೆ ಕಾದು ಕಾದು ಕರಿದು ಒಂದು ದಿನ ಹೊತ್ತಿಕೊಳ್ಳಬಹುದು. ಮರದಿಂದ ಒಂದೂವರೆ ಅಡಿಯಾದರೂ ದೂರವಿರಲಿ. ಅಷ್ಟು ಜಾಗವಿಲ್ಲದಿದ್ದರೆ ಕೊಳವೆಯನ್ನು ಕಲ್ಲಿನ ಗೋಡೆಯ ಮೂಲಕ ಹೊರಗೆ ಒಯ್ದು ಅಲ್ಲಿಂದ ಮೇಲೇರಿಸುವುದು ಲೇಸು. ತಾರಸಿ ಮನೆಗೂ ಇದೇ ಸರಿಯಾದ ದಾರಿ. ಹಳೆಯ ಕಲ್ನಾರಿನ ಕೊಳವೆ ಮನೆಯಲ್ಲಿದ್ದರೆ ಅದನ್ನು ಗರಗಸದಿಂದ ಕೊಯ್ಯುವುದು, ಒಡೆಯುವುದು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಕೊಳವೆಯ ಬುಡದಲ್ಲಿ ಮಸಿ ತೆಗೆಯಲು ಮುಚ್ಚಳವಿರುವ ಕಿಂಡಿಯೊಂದನ್ನು ಬಿಡಿಸಲು ಮರೆಯಬೇಡಿ. ಈ ಕಿಂಡಿಯಿಲ್ಲದೆ ಕಟ್ಟಿದ ಒಲೆ ಎರಡು ಮಳೆಗಾಲ ನೋಡುವುದಿಲ್ಲ.

ಕಟ್ಟಿ ಮುಗಿದ ಮೇಲೆ ಮೇಸ್ತ್ರಿ ಹೊರಡುವ ಮೊದಲೇ ಪರೀಕ್ಷೆ ಆಗಲಿ. ಪಾತ್ರೆಗಳನ್ನಿಟ್ಟು ಒಣ ಗರಿಯ ಸೂಟೆಯೊಂದನ್ನು ಒಲೆಯೊಳಗೆ ಹೊತ್ತಿಸಿ ನೋಡಿ. ಮೊದಲ ಒಂದೆರಡು ನಿಮಿಷ ಕೊಳವೆ ತಣ್ಣಗಿರುವುದರಿಂದ ಸ್ವಲ್ಪ ಹೊಗೆ ಹಿಂದಕ್ಕೆ ಬಂದೀತು. ಅನಂತರವೂ ಬರುತ್ತಿದ್ದರೆ ಒಳದಾರಿಯೋ ಕೊಳವೆಯೋ ಇಕ್ಕಟ್ಟಾಗಿದೆ ಎಂದು ತಿಳಿಯಬೇಕು.

ಕಟ್ಟಿಗೆಯ ವಿಚಾರ

ಎಂಥ ಒಳ್ಳೆಯ ಒಲೆಯೂ ಹಸಿ ಕಟ್ಟಿಗೆಯ ಮುಂದೆ ಸೋಲುತ್ತದೆ. ಆಗ ಕಡಿದ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ನೀರು. 1 ಕಿಲೋ ಹಸಿ ಕಟ್ಟಿಗೆ ಒಲೆಗೆ ಹಾಕಿದರೆ ಮೊದಲು ಅರ್ಧ ಲೀಟರ್ ನೀರನ್ನು ಆವಿ ಮಾಡಬೇಕು. ಅದಕ್ಕೇ 300 ಕಿಲೋ ಕ್ಯಾಲೊರಿ ಹೋಗುತ್ತದೆ. ಶಾಖ ತಗ್ಗಿದ್ದರಿಂದ ಉರಿಯದೆ ಉಳಿಯುವ ಅನಿಲ ಬೇರೆ. ಕೊಳವೆಯೊಳಗೆ ಡಾಂಬರಿನಂತೆ ಅಂಟು ಕಟ್ಟುವುದೂ ಇದರಿಂದಲೇ. ಸುಗ್ಗಿಯ ಹೊತ್ತಿಗೆ ಕಡಿದು, ಸಿಗಿದು, ಬಿಸಿಲಲ್ಲಿ ಒಣಗಿಸಿ, ಪತ್ತನಾಜೆಗೆ ಮೊದಲು ಕೊಟ್ಟಿಗೆ ಸೇರಿಸುವ ಹಿರಿಯರ ಪದ್ಧತಿಯಲ್ಲಿ ಪೂರ್ಣ ವಿಜ್ಞಾನವಿದೆ. ಕೊತ್ತಳಿಗೆಯನ್ನೂ ಸಿಗಿದು ಒಣಗಿಸಿದರೆ ಎಷ್ಟೋ ಒಳ್ಳೆಯ ಉರಿ ಬರುತ್ತದೆ.

ಒಲೆಗೆ ಹಾಕಬಾರದ ವಸ್ತುಗಳೂ ಇವೆ. ಪ್ಲಾಸ್ಟಿಕ್ ತೊಟ್ಟೆಯಿಂದ ಬೆಂಕಿ ಹಿಡಿಸುವ ಚಟ ಬೇಗ ಬಿಡಬೇಕು. ಬಣ್ಣ ಬಳಿದ ಹಲಗೆ ಬೇಡ. ಗೇರುಬೀಜದ ಸಿಪ್ಪೆ ಧಗಧಗ ಉರಿಯುತ್ತದೆ ನಿಜ, ಆದರೆ ಅದರ ಎಣ್ಣೆ ಮೈಗೆ ತಾಗಿದರೆ ಗುಳ್ಳೆ ಎಬ್ಬಿಸುವಂಥದು. ಅದರ ಹೊಗೆ ಅಡುಗೆಮನೆಗೆ ತಕ್ಕುದಲ್ಲ.

ಉರಿ ಉಳಿಸುವ ಇನ್ನೊಂದು ಉಪಾಯವುಂಟು. ಕುಚ್ಚಲಕ್ಕಿ ಚೆನ್ನಾಗಿ ಕುದಿ ಹತ್ತಿದ ಮೇಲೆ ಪಾತ್ರೆಯನ್ನು ಶಾಖ ಹೊರಹೋಗದ ಪೆಟ್ಟಿಗೆಯೊಳಗಿಟ್ಟರೆ ಉಳಿದ ಬೇಯುವಿಕೆ ತಾನಾಗಿ ಆಗುತ್ತದೆ. ಕೇರಳದಲ್ಲಿ ಇದನ್ನು ‘ಚೂಡಾರಾಪ್ಪೆಟ್ಟಿ’ ಎನ್ನುತ್ತಾರೆ, ಬಿಸಿ ಆರದ ಪೆಟ್ಟಿಗೆ ಎಂದರ್ಥ. ಉರಿಯುವ ಹೊತ್ತು ಕಡಿಮೆಯಾದಷ್ಟು ಹೊಗೆಯೂ ಕಡಿಮೆ.

ಒಂದು ಆಕ್ಷೇಪಕ್ಕೆ ಉತ್ತರ

ಹೊಗೆ ನಿಂತರೆ ಮಾಡಿನ ಮರಕ್ಕೆ ಹುಳ ಹಿಡಿಯುತ್ತದೆ, ಅಟ್ಟದ ಮೇಲಿನ ವಸ್ತು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ಮಾತು ಸುಳ್ಳಲ್ಲ. ಹೊಗೆ ಮರವನ್ನು ಕಾಯುತ್ತಿತ್ತು. ಆದರೆ ಮರ ಕಾಯಲು ಗೇರೆಣ್ಣೆ ಇದೆ, ವರ್ಷಕ್ಕೊಮ್ಮೆ ಬಳಿದರೆ ಆಯಿತು. ಅಟ್ಟಕ್ಕೆ ಬೇಕಾದುದು ಬಿಸಿ. ಒಲೆಯ ಬಿಸಿ ಹೇಗೂ ಮೇಲೇರುತ್ತದೆ. ಎದೆಗೆ ಬಳಿಯುವ ಎಣ್ಣೆ ಮಾತ್ರ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ.

ಬಚ್ಚಲಿನ ಹಂಡೆಯ ಒಲೆಗೂ ಮೇಲೆ ಹೇಳಿದ ಮಾತುಗಳೇ ಅನ್ವಯಿಸುತ್ತವೆ. ಅಲ್ಲಿ ಮುಖ್ಯವಾಗಿ ನೆನಪಿಡಬೇಕಾದುದು ಬಾಗಿಲು ಮುಚ್ಚಿ ಸ್ನಾನ ಮಾಡುವಾಗಿನ ಕೆಂಡದ ಅಪಾಯ. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣುವುದಿಲ್ಲವೆಂದು ಗಾಳಿಗಂಡಿ ಮುಚ್ಚಬಾರದು. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಕಿಟಕಿ ಮುಚ್ಚುವ ರೂಢಿಯನ್ನೂ ಬಿಡಬೇಕಾದುದು ಇದೇ ಕಾರಣಕ್ಕೆ.

ಕಟ್ಟಿದ ಮೇಲಿನ ಕರ್ತವ್ಯ

ಒಲೆ ಕಟ್ಟಿಸುವುದು ಎರಡು ದಿನದ ಕೆಲಸ, ಕಾಯುವುದು ವರ್ಷವಿಡೀ. ಬೂದಿಯ ಗುಂಡಿಯನ್ನು ದಿನವೂ ಬರಿದು ಮಾಡಬೇಕು. ಆ ಬೂದಿಯಲ್ಲಿ ಪೊಟ್ಯಾಶ್ ಇದೆ, ತೆಂಗಿನ ಬುಡಕ್ಕೆ ಅದಕ್ಕಿಂತ ಅಗ್ಗದ ಗೊಬ್ಬರವಿಲ್ಲ. ಒಳದಾರಿಯ ಮಸಿಯನ್ನು ವಾರಕ್ಕೊಮ್ಮೆ ತೆಗೆಯಬೇಕು. ಕೊಳವೆಯನ್ನು ತಿಂಗಳಿಗೊಮ್ಮೆಯಾದರೂ ಗುಡಿಸಬೇಕು. ಹಗ್ಗದ ತುದಿಗೆ ಕಲ್ಲು ಕಟ್ಟಿ, ಮೇಲೆ ಗೋಣಿಯ ಉಂಡೆ ಬಿಗಿದು, ಕೊಳವೆಯ ತುದಿಯಿಂದ ಇಳಿಬಿಟ್ಟು ಎಳೆದರೆ ಮಸಿ ಬುಡದ ಕಿಂಡಿಗೆ ಬೀಳುತ್ತದೆ. ಪತ್ತನಾಜೆಯ ಹೊತ್ತಿಗೆ ಒಮ್ಮೆ ಟೊಪ್ಪಿ, ಕೊಳವೆ, ಒಳಮೈಯ ಬಿರುಕು ಎಲ್ಲವನ್ನೂ ನೋಡಿ ಸರಿಪಡಿಸಿಕೊಂಡರೆ ಮಳೆಗಾಲ ನಿಶ್ಚಿಂತೆ.

ಈ ಕೆಲಸ ಯಾರದು? ಮಾಡಿನ ಮೇಲೆ ಹತ್ತಿ ಕೊಳವೆ ಗುಡಿಸುವುದನ್ನೂ ಅಡುಗೆ ಮಾಡುವವರ ತಲೆಗೇ ಹೊರಿಸಿದರೆ ಒಡಿಶಾದಲ್ಲಿ ಆದುದೇ ಇಲ್ಲಿಯೂ ಆಗುತ್ತದೆ. ಗಂಜಿ ಉಣ್ಣುವ ಗಂಡಸರು, ಹೈಸ್ಕೂಲು ಓದುವ ಗಂಡುಮಕ್ಕಳು ಇದನ್ನು ತಮ್ಮ ಪಾಲಿನ ಕೆಲಸವೆಂದು ಒಪ್ಪಿಕೊಳ್ಳಬೇಕು. ತಿಂಗಳಿಗೆ ಅರ್ಧ ಗಂಟೆಯ ದುಡಿಮೆ ಇದು.

ಕೊಳವೆಯ ಒಲೆ ಎಲ್ಲ ರೋಗಕ್ಕೂ ಮದ್ದೆಂದು ತಿಳಿಯುವುದು ಬೇಡ. ಹೊಗೆ ಮನೆಯಿಂದ ಹೊರಗೆ ಹೋಗುತ್ತದೆ, ಊರಿನಿಂದ ಹೋಗುವುದಿಲ್ಲ. ಮನೆಯಲ್ಲಿ ದಮ್ಮಿನವರೋ, ಗರ್ಭಿಣಿಯೋ, ಎಳೆ ಮಗುವೋ ಇದ್ದರೆ ಆದಷ್ಟು ಅಡುಗೆಯನ್ನು ಗ್ಯಾಸಿಗೆ ವರ್ಗಾಯಿಸುವುದೇ ಜಾಣತನ. ನಮ್ಮ ಮನೆಯಲ್ಲಿ ಹೊಸ ಒಲೆ ಬಂದ ಮೇಲೆ ತಾಯಿಯವರ ಕಣ್ಣೀರು ನಿಂತಿತು. ಕೆಮ್ಮು ನಿಲ್ಲಲಿಲ್ಲ. ನಲವತ್ತು ವರ್ಷ ಒಳಗೆ ಹೋದ ಹೊಗೆ ಒಂದು ಕೊಳವೆ ಇಟ್ಟ ಮಾತ್ರಕ್ಕೆ ಹೊರಗೆ ಬರುವುದಿಲ್ಲ ಎಂದು ವೈದ್ಯರು ಹೇಳಿದರು. ಈಗ ಅದೇ ಒಲೆಯ ಮುಂದೆ ನಿಲ್ಲುವ ನನ್ನ ಹೆಂಡತಿಗೆ ಆ ಕೆಮ್ಮು ಬರಬಾರದೆಂಬುದು ನನ್ನ ಆಸೆ.

ಆದ್ದರಿಂದ ಓದುಗ ಬಾಂಧವರಲ್ಲಿ ಒಂದು ವಿನಂತಿ. ಈ ಬೇಸಗೆಯಲ್ಲಿ ಮನೆಗೆ ಸುಣ್ಣ ಬಳಿಸುವ ಯೋಚನೆಯಿದ್ದರೆ ಹಿಂದಿನ ಕೋಣೆಗೆ ಒಮ್ಮೆ ಹೋಗಿ, ಒಲೆ ಉರಿಯುತ್ತಿರುವಾಗ ಹತ್ತು ನಿಮಿಷ ಅಲ್ಲಿಯೇ ನಿಂತು ನೋಡಿ. ಅನಂತರ ಮೇಸ್ತ್ರಿಯನ್ನು ಕರೆಸಿ. ಅವರು ಬಂದಾಗ ಜಗಲಿಯಲ್ಲಿ ಕೂರಿಸಬೇಡಿ, ನೇರ ಒಲೆಯ ಬಳಿಗೆ ಕರೆದುಕೊಂಡು ಹೋಗಿ. ಅಳತೆಯ ಮಾತನ್ನು ಅಡುಗೆ ಮಾಡುವವರು ಆಡಲಿ. ನಮಗೆ ಬೇಕಿದ್ದರೆ ನಡುವೆ ನಿಂತು ಅವರ ಮಾತನ್ನು ಮಲಯಾಳದಲ್ಲಿ ಹೇಳೋಣ.